ಪಕ್ಕದವರು ನಕ್ಕರು, ನಮಗೆ ನಗು ಬರಲಿಲ್ಲ

‘ಜೇ ಆ್ಯಂಡ್ ಸೈಲೆಂಟ್ ಬಾಬ್ ಸ್ಟ್ರೈಕ್ ಬ್ಯಾಕ್’ ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಿಗೆ ಒಂದು ಮಾತುಕತೆ ಬರುತ್ತದೆ. ಜೇ ಮತ್ತು ಬಾಬ್ ಎಂಬ ಇಬ್ಬರು ಪೋಲಿಗಳು ಹೋಲ್ಡನ್ ಎಂಬಾತನನ್ನು ಹುಡುಕಿಕೊಂಡು ಬಂದಿರುತ್ತಾರೆ. ಈ ಇಬ್ಬರನ್ನೇ ಮಾದರಿಯಾಗಿ ಇಟ್ಟುಕೊಂಡು ಅವನು ಹಿಂದೆ ಗೆಳೆಯನ ಜೊತೆ ಸೇರಿ ಒಂದು ಕಾಮಿಕ್ಸ್ ಮಾಡಿದ್ದ. ಈಗ ಅದು ಸಿನಿಮಾ ಆಗುತ್ತಿದೆ. ಮಾತಿನ ನಡುವೆ ಹೋಲ್ಡನ್, ‘ಜೇ ಮತ್ತು ಬಾಬ್ ಮೇಲೆ ಸಿನಿಮಾನಾ, ಅದನ್ನು ದುಡ್ಡು ಕೊಟ್ಟು ಯಾರು ನೋಡ್ತಾರೆ’ ಅನ್ನುತ್ತಾನೆ. ಅಷ್ಟು ಹೇಳಿದ ಮೇಲೆ ಮೂವರೂ ಕ್ಯಾಮೆರಾ ಕಡೆ ತಿರುಗುತ್ತಾರೆ. ನೇರವಾಗಿ ನಮ್ಮನ್ನೇ ನೋಡುತ್ತಾರೆ.

ದುಡ್ಡು ಕೊಟ್ಟು ನೋಡುತ್ತಾ ಕೂತವರು ನಾವೇ ತಾನೇ.

ಈ ನೋಟಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕವರನ್ನು ನೋಡಿದ್ದೇನೆ. ಇದೇ ನೋಟಕ್ಕೆ ಮುಖ ಗಂಟು ಹಾಕಿಕೊಂಡವರನ್ನೂ ನೋಡಿದ್ದೇನೆ. ಸಿನಿಮಾ ಬಂದಿದ್ದು 2001ರ ಆಗಸ್ಟ್‌ನಲ್ಲಿ. ಇಷ್ಟು ವರ್ಷ ಕಳೆದರೂ ಅದರ ಬಗ್ಗೆ ಒಮ್ಮತ ಮೂಡಿಲ್ಲ. ಕೆಲವರಿಗೆ ಅದು ಸಂಕಟದ ದಿನ ಹಾಕಿಕೊಂಡು ನೋಡುವ ಸಿನಿಮಾ. ಇನ್ನು ಕೆಲವರು ಅರ್ಧಕ್ಕೇ ಎದ್ದುಹೋದವರು. ಹೆಚ್ಚಿನವರು ಈ ಒಡಕನ್ನು ಸುಲಭವಾಗಿ ವಿವರಿಸಿಬಿಡುತ್ತಾರೆ. ಗಲೀಜು ಜೋಕು ಇಷ್ಟಪಡುವವರು ಒಂದು ಕಡೆ, ಇಷ್ಟಪಡದವರು ಇನ್ನೊಂದು ಕಡೆ, ಅಷ್ಟೇ ಅಂತ. ನನಗೆ ಹಾಗೆ ಅನ್ನಿಸುವುದಿಲ್ಲ. ಸಿನಿಮಾ ಯಾರನ್ನು ತನ್ನವರು ಅಂದುಕೊಂಡು ಮಾತಾಡುತ್ತಿದೆ, ಆ ಮಾತು ಕೇಳಿಸಿಕೊಂಡವರಲ್ಲಿ ಯಾರು ಹೊರಗೆ ಉಳಿದರು ಅನ್ನುವ ಕಡೆ ಈ ಜಗಳದ ಬೇರು ಇದೆ.

ಸಿನಿಮಾ ನೋಡದವರಿಗಾಗಿ ಸ್ವಲ್ಪ ಹಿನ್ನೆಲೆ ಹೇಳಬೇಕು. ಬರೆದು ನಿರ್ದೇಶಿಸಿದವನು ಕೆವಿನ್ ಸ್ಮಿತ್. ಬಾಬ್ ಪಾತ್ರ ಮಾಡಿದವನೂ ಅವನೇ. ಬಾಯಿ ಮುಚ್ಚದ ಜೇ ಆಗಿ ಅವನ ಹಳೆಯ ಗೆಳೆಯ ಜೇಸನ್ ಮ್ಯೂಸ್ ಇದ್ದಾನೆ. ಈ ಜೋಡಿ ಮೊದಲು ಕಾಣಿಸಿಕೊಂಡಿದ್ದು 1994ರ ‘ಕ್ಲರ್ಕ್ಸ್’ನಲ್ಲಿ. ಸ್ಮಿತ್ ನ್ಯೂಜೆರ್ಸಿಯ ಒಂದು ಪುಟ್ಟ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅದೇ ಅಂಗಡಿಯಲ್ಲಿ, ರಾತ್ರಿ ಬಾಗಿಲು ಹಾಕಿದ ಮೇಲೆ, ಕಪ್ಪು ಬಿಳುಪಿನಲ್ಲಿ ಶೂಟಿಂಗ್ ಮಾಡಿದ. ಖರ್ಚಾಗಿದ್ದು 27,575 ಡಾಲರ್. ಅದಕ್ಕೆ ಕ್ರೆಡಿಟ್ ಕಾರ್ಡುಗಳನ್ನು ಮಿತಿ ಮುಟ್ಟುವವರೆಗೆ ಉಜ್ಜಿದ, ಕೂಡಿಟ್ಟಿದ್ದ ಕಾಮಿಕ್ಸ್ ಮಾರಿದ. ಕಥೆ ನಡೆಯುವುದು ಹಗಲು, ಶೂಟಿಂಗ್ ನಡೆಯುವುದು ರಾತ್ರಿ. ಹಾಗಾಗಿ ಅಂಗಡಿಯ ಶಟರ್ ತೆರೆಯುವುದೇ ಇಲ್ಲ, ಯಾರೋ ಬೀಗಕ್ಕೆ ಚ್ಯೂಯಿಂಗ್ ಗಮ್ ಮೆತ್ತಿದ್ದಾರೆ ಅಂತ ಕಥೆಯಲ್ಲೇ ಒಂದು ಕಾರಣ ಕೊಟ್ಟ. ನನಗೆ ಈ ವಿವರ ತುಂಬಾ ಇಷ್ಟ. ಕೈಯಲ್ಲಿ ಇಲ್ಲದ್ದನ್ನು ಮುಚ್ಚಿಡುವ ಬದಲು ಅದನ್ನೇ ಕಥೆ ಮಾಡಿಕೊಳ್ಳುವ ಬುದ್ಧಿ ಅವನಿಗೆ ಮೊದಲ ಸಿನಿಮಾದಿಂದಲೂ ಇತ್ತು.

‘ಕ್ಲರ್ಕ್ಸ್’ನಲ್ಲಿ ನಗ್ನತೆ ತೋರಿಸುವ ದೃಶ್ಯ ಇಲ್ಲ, ಹೇಳಿಕೊಳ್ಳುವಂಥ ಹೊಡೆದಾಟವೂ ಇಲ್ಲ. ಆದರೂ ಅಮೆರಿಕದ ರೇಟಿಂಗ್ ಮಂಡಳಿ ಅದಕ್ಕೆ ಮೊದಲು ಎನ್‌ಸಿ-17 ಕೊಟ್ಟಿತು, ಅಂದರೆ ದೊಡ್ಡವರಿಗೆ ಮಾತ್ರ. ಬರೀ ಮಾತಿಗೆ! ಮೇಲ್ಮನವಿ ಹೋದ ಮೇಲೆ ಅದು ‘ಆರ್’ ಆಯಿತು, ಅಂದರೆ ದೊಡ್ಡವರ ಜೊತೆಗಿದ್ದರೆ ಚಿಕ್ಕವರೂ ನೋಡಬಹುದು. ಆಮೇಲೆ ‘ಮಾಲ್‌ರ‍್ಯಾಟ್ಸ್’, ‘ಚೇಸಿಂಗ್ ಏಮಿ’, ‘ಡಾಗ್ಮಾ’ ಬಂದವು. ಎಲ್ಲದರಲ್ಲೂ ಜೇ ಮತ್ತು ಬಾಬ್ ಪಕ್ಕದ ಪಾತ್ರಗಳು. ಒಂದು ಸಿನಿಮಾದ ಹೆಸರು ಇನ್ನೊಂದರಲ್ಲಿ ಕೇಳಿಬರುತ್ತದೆ, ಒಂದರಲ್ಲಿ ಆದ ಜಗಳದ ಸುದ್ದಿ ಇನ್ನೊಂದರಲ್ಲಿ ಬರುತ್ತದೆ. ಐದನೆಯ ಸಿನಿಮಾ ಹೊತ್ತಿಗೆ ಪಕ್ಕದ ಪಾತ್ರಗಳೇ ನಾಯಕರಾದವು. ಅದು ಈ ಸಿನಿಮಾ. ಹೆಸರೇ ಸ್ಟಾರ್ ವಾರ್ಸ್ ಸರಣಿಯ ಒಂದು ಸಿನಿಮಾದ ಅಣಕ.

ಕಥೆ ಅಂತ ಹೇಳುವುದಾದರೆ ಇಷ್ಟೇ. ತಮ್ಮ ಮೇಲೆ ಬರುತ್ತಿರುವ ಸಿನಿಮಾದ ಬಗ್ಗೆ ಇಂಟರ್‌ನೆಟ್‌ನಲ್ಲಿ ಜನ ಬಾಯಿಗೆ ಬಂದಂತೆ ಬೈಯುತ್ತಿದ್ದಾರೆ ಅಂತ ಈ ಇಬ್ಬರಿಗೆ ಗೊತ್ತಾಗುತ್ತದೆ. ಬೈಗುಳ ನಿಲ್ಲಬೇಕಾದರೆ ಸಿನಿಮಾನೇ ನಿಲ್ಲಿಸಬೇಕು ಅಂದುಕೊಂಡು ನ್ಯೂಜೆರ್ಸಿಯಿಂದ ಹಾಲಿವುಡ್‌ಗೆ ಹೊರಡುತ್ತಾರೆ. ದಾರಿಯುದ್ದಕ್ಕೂ ಗಲೀಜು ಜೋಕುಗಳು. ಕೊನೆಗೆ ಸಿನಿಮಾದಿಂದ ಇವರ ಪಾಲಿನ ದುಡ್ಡು ಬಂದಾಗ, ಆ ದುಡ್ಡಲ್ಲಿ ವಿಮಾನ ಹತ್ತಿ, ಬೈದವರ ಮನೆಮನೆಗೆ ಹೋಗಿ ಹೊಡೆದು ಬರುತ್ತಾರೆ.

ಒಮ್ಮೆ ಯೋಚಿಸಿ ನೋಡಿ. ಪ್ರೇಕ್ಷಕರ ಅಭಿಪ್ರಾಯವೇ ಈ ಕಥೆಯ ಖಳನಾಯಕ. ಇಂಥ ಸಿನಿಮಾದ ಬಗ್ಗೆ ಅಭಿಪ್ರಾಯ ಹೇಳುವುದೇ ಸ್ವಲ್ಪ ವಿಚಿತ್ರ. ಹೊಗಳಿದರೆ ನೀವು ಒಳಗಿನವರು. ತೆಗಳಿದರೆ ಸಿನಿಮಾ ಮೊದಲೇ ನಿಮ್ಮನ್ನು ಬರೆದಿಟ್ಟಿದೆ, ನೀವೇ ಆ ಪೆಟ್ಟು ತಿನ್ನುವ ಹುಡುಗ. ಜನ ಸಿಟ್ಟಾಗಿದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ನಂಬಿಕೆ. ಟೀಕೆ ಮಾಡುವ ಮುಂಚೆಯೇ ಟೀಕಾಕಾರನ ಬಾಯಿ ಮುಚ್ಚಿಸಲು ಹೊರಟರೆ ಯಾರಿಗೆ ತಾನೇ ಸಿಟ್ಟು ಬರಲ್ಲ?

ಹಾಗಂತ ಇದು ಹೊಸ ಚಾಳಿಯೂ ಅಲ್ಲ. ಕ್ರಿಸ್ತಪೂರ್ವ 423ರಲ್ಲಿ ಗ್ರೀಕ್ ನಾಟಕಕಾರ ಅರಿಸ್ಟೋಫನೀಸ್‌ನ ‘ಮೋಡಗಳು’ ನಾಟಕಕ್ಕೆ ಅಥೆನ್ಸ್‌ನ ಸ್ಪರ್ಧೆಯಲ್ಲಿ ಮೂರನೇ ಸ್ಥಾನ ಬಂತು. ಅವನಿಗೆ ಅದು ಸಹಿಸಲಿಲ್ಲ. ಆಮೇಲೆ ನಾಟಕವನ್ನು ತಿದ್ದಿ ಬರೆದಾಗ, ಮೇಳದವರ ಬಾಯಲ್ಲಿ ಪ್ರೇಕ್ಷಕರನ್ನೇ ಬೈಸಿದ. ನನ್ನ ನಾಟಕಗಳಲ್ಲೇ ಜಾಣತನದ ನಾಟಕ ಇದು, ನಿಮಗೆ ಅರ್ಥ ಆಗಲಿಲ್ಲ, ಬೇರೆಯವರ ಹಾಗೆ ನಾನು ಅಗ್ಗದ ಅಶ್ಲೀಲ ತಂತ್ರ ಬಳಸಿಲ್ಲ ಅಂತ ಹೇಳಿಸಿದ. ಅದೇ ನಾಟಕದಲ್ಲಿ ಗಲೀಜು ಜೋಕುಗಳಿಗೆ ಬರ ಇಲ್ಲ. ಅವನದೇ ‘ಕಪ್ಪೆಗಳು’ ಶುರುವಾಗುವುದು ಇನ್ನೂ ಮಜವಾಗಿ. ಆಳು ತನ್ನ ಒಡೆಯನನ್ನು ಕೇಳುತ್ತಾನೆ, ಜನ ಯಾವಾಗಲೂ ನಗುವ ಆ ಹಳೇ ಜೋಕುಗಳಲ್ಲಿ ಒಂದನ್ನು ಬಿಡಲಾ ಅಂತ. ಒಡೆಯ ಬೇಡ ಅನ್ನುತ್ತಾ ಹೋಗುತ್ತಾನೆ, ಆ ಬೇಡ ಅನ್ನುವುದರಲ್ಲೇ ಜೋಕುಗಳೆಲ್ಲ ಬಂದುಹೋಗುತ್ತವೆ. ಕ್ರಿಸ್ತಪೂರ್ವ 405ರ ನಾಟಕ ಅದು. ಗಲೀಜು ಮತ್ತು ತನ್ನನ್ನು ತಾನೇ ಆಡಿಕೊಳ್ಳುವುದು, ಇವೆರಡೂ ಒಟ್ಟಿಗೆ ಬರುವುದು ಹಾಸ್ಯದಷ್ಟೇ ಹಳೆಯದು. ತಾನು ಅಗ್ಗದ ಜೋಕು ಹೇಳುತ್ತಿದ್ದೇನೆ ಅಂತ ಹಾಸ್ಯಗಾರನಿಗೆ ಗೊತ್ತಿರುತ್ತದೆ. ಗೊತ್ತು ಅಂತ ತೋರಿಸಿಕೊಳ್ಳಬೇಕು ಅಂತಲೂ ಇರುತ್ತದೆ.

ಮತ್ತೆ ಆ ನೋಟಕ್ಕೆ ಬರುತ್ತೇನೆ. ಅದಕ್ಕೆ ನಕ್ಕವರಲ್ಲೂ ಎಲ್ಲರೂ ಒಂದೇ ಕಾರಣಕ್ಕೆ ನಗಲಿಲ್ಲ. ‘ಕ್ಲರ್ಕ್ಸ್’ನಿಂದ ಜೊತೆಗೆ ಬಂದವರಿಗೆ ಹೋಲ್ಡನ್ ಮುಖ ಕಂಡ ಕೂಡಲೇ, ಅವನೇ ನಾಯಕನಾಗಿದ್ದ ‘ಚೇಸಿಂಗ್ ಏಮಿ’ ಪೂರ್ತಿ ನೆನಪಿಗೆ ಬರುತ್ತದೆ. ಅವನು ಯಾರನ್ನು ಪ್ರೀತಿಸಿದ, ಹೇಗೆ ಕೆಡಿಸಿಕೊಂಡ, ಆ ಕಾಮಿಕ್ಸ್ ಜೊತೆಗಾರನ ಸ್ನೇಹ ಹೇಗೆ ಮುರಿಯಿತು ಎಲ್ಲಾ. ಹೋಲ್ಡನ್ ಪಾತ್ರ ಮಾಡಿದ ಬೆನ್ ಅಫ್ಲೆಕ್ ಈ ಸಿನಿಮಾದಲ್ಲಿ ಬೆನ್ ಅಫ್ಲೆಕ್ ಆಗಿಯೂ ಬರುತ್ತಾನೆ. ಹೋಲ್ಡನ್‌ನ ಜೊತೆಗಾರ ಬ್ಯಾಂಕಿಯ ಪಾತ್ರ ಮಾಡಿದ ಜೇಸನ್ ಲೀ, ‘ಮಾಲ್‌ರ‍್ಯಾಟ್ಸ್’ನ ಬ್ರೋಡಿಯಾಗಿಯೂ ಬರುತ್ತಾನೆ. ಹಳೆಯ ಸಿನಿಮಾ ನೋಡಿದವರಿಗೆ ಇದು ಎರಡು ಪಟ್ಟು ಖುಷಿ. ನೋಡದವರಿಗೆ ಪರಿಚಯವಿಲ್ಲದ ಮನೆಯಲ್ಲಿ ಕೂತು ಅವರ ಫೋಟೋ ಆಲ್ಬಮ್ ತಿರುಗಿಸಿದಂತೆ. ಪುಟ ತಿರುಗಿದಾಗೆಲ್ಲ ಮನೆಯವರು ನಗುತ್ತಾರೆ. ನಮಗೆ ಯಾಕೆ ಅಂತ ಗೊತ್ತಾಗುವುದಿಲ್ಲ.

ಇನ್ನು ಕೆಲವರು ಇದ್ಯಾವುದೂ ಗೊತ್ತಿಲ್ಲದೆ, ಬರೀ ಜೇ ಬಾಯಿಯ ಹೊಲಸು ಮಾತಿಗೆ ನಕ್ಕರು. ಅವರಿಗೆ ಹಳೆಯ ಸಿನಿಮಾಗಳ ನಂಟು ಬೇಡವೇ ಬೇಡ. ಅಂಥದ್ದು ಬಂದಾಗೆಲ್ಲ ಅವರಿಗೆ ಬೋರು. ಇದಕ್ಕೆ ತದ್ವಿರುದ್ಧ ಇನ್ನೊಂದು ಗುಂಪು ಇದೆ, ಆ ಗುಂಪಿನ ಬೇಸರ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ‘ಚೇಸಿಂಗ್ ಏಮಿ’ಯಲ್ಲಿ ಗಂಡು ಹೆಣ್ಣಿನ ನಡುವಿನ ಅಸೂಯೆ, ಅಹಂಕಾರಗಳ ಬಗ್ಗೆ ಅಷ್ಟು ಬಿಚ್ಚುಮನಸ್ಸಿನಿಂದ ಬರೆದವನು, ‘ಡಾಗ್ಮಾ’ದಲ್ಲಿ ದೇವರು, ನಂಬಿಕೆಗಳ ಬಗ್ಗೆ ತಲೆ ಕೆಡಿಸಿಕೊಂಡವನು, ಮತ್ತೆ ಇದಕ್ಕೆ ಇಳಿದನಲ್ಲ ಅಂತ ಅವರ ನೋವು. ಅವರಿಗೆ ಗಲೀಜು ಜೋಕಿನ ಬಗ್ಗೆ ತಕರಾರಿಲ್ಲ. ಆ ಎರಡೂ ಸಿನಿಮಾಗಳಲ್ಲಿ ಗಲೀಜು ಬೇಕಾದಷ್ಟಿತ್ತು. ಆದರೆ ಅಲ್ಲಿ ಅದರ ಹಿಂದೆ ಒಬ್ಬ ಮನುಷ್ಯ ಕಾಣುತ್ತಿದ್ದ.

ಸಿನಿಮಾಗೆ ಖರ್ಚಾಗಿದ್ದು ಸುಮಾರು 2.2 ಕೋಟಿ ಡಾಲರ್, ಚಿತ್ರಮಂದಿರಗಳಲ್ಲಿ ಬಂದಿದ್ದು ಸುಮಾರು 3.38 ಕೋಟಿ. ಮುಳುಗಲಿಲ್ಲ, ಹಾರಲೂ ಇಲ್ಲ. ವಿಮರ್ಶಕರಲ್ಲಿ ಮೆಚ್ಚಿದವರು ಅರ್ಧದ ಆಸುಪಾಸು. ಇಂಥ ಅಂಕಿ ನೋಡಿದಾಗ ಜನ ‘ಓ, ಸಾಧಾರಣ ಸಿನಿಮಾ’ ಅಂದುಕೊಳ್ಳುತ್ತಾರೆ. ಅಲ್ಲಿ ಎಡವುತ್ತೇವೆ. ವಿಮರ್ಶೆಗಳನ್ನು ಒಟ್ಟುಮಾಡುವ ವೆಬ್‌ಸೈಟ್ ರಾಟನ್ ಟೊಮ್ಯಾಟೋಸ್‌ನಂಥ ಕಡೆ ಕಾಣುವ ಶೇಕಡಾವಾರು ಲೆಕ್ಕ, ಎಷ್ಟು ಮಂದಿ ವಿಮರ್ಶಕರು ಒಟ್ಟಾರೆ ಒಳ್ಳೆಯದು ಅಂದರು ಅನ್ನುವ ಲೆಕ್ಕ. ಎಷ್ಟು ಇಷ್ಟವಾಯಿತು ಅನ್ನುವುದನ್ನು ಅದು ಹೇಳುವುದಿಲ್ಲ. ಎಲ್ಲರಿಗೂ ಅಷ್ಟಕ್ಕಷ್ಟೇ ಅನ್ನಿಸಿದ ಸಿನಿಮಾಗೂ ಐವತ್ತು ಬರಬಹುದು. ಅರ್ಧ ಜನ ಹುಚ್ಚೆದ್ದು ಮೆಚ್ಚಿ, ಉಳಿದರ್ಧ ಅಸಹ್ಯಪಟ್ಟುಕೊಂಡ ಸಿನಿಮಾಗೂ ಅದೇ ಐವತ್ತು. ಎರಡೂ ಬೇರೆ ಬೇರೆ ಜಾತಿಯ ಸಿನಿಮಾಗಳು ಅಲ್ವಾ? ಸಿನಿಮಾಸ್ಕೋರ್‌ನವರು ಮೊದಲ ದಿನ ರಾತ್ರಿ ಬಂದ ಪ್ರೇಕ್ಷಕರ ಕೈಗೇ ಚೀಟಿ ಕೊಟ್ಟು ಕೇಳುತ್ತಾರೆ. ಆದರೆ ಮೊದಲ ರಾತ್ರಿಗೆ ಓಡಿಬರುವವರು ಯಾರು? ಮೊದಲೇ ಇಷ್ಟಪಟ್ಟು ಕಾಯುತ್ತಿದ್ದವರು. ಇಂಥ ಸಿನಿಮಾಗಳಲ್ಲಿ ಸರಾಸರಿ ಅಂತ ಒಬ್ಬ ಪ್ರೇಕ್ಷಕ ಇರುವುದೇ ಇಲ್ಲ.

ಫ್ರಾನ್ಸ್‌ನ ತತ್ವಜ್ಞಾನಿ ಹೆನ್ರಿ ಬರ್ಗ್ಸನ್ 1900ರಲ್ಲಿ ನಗುವಿನ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆದ. ಅದರಲ್ಲಿ ಒಂದು ಪ್ರಸಂಗ ಬರುತ್ತದೆ. ಚರ್ಚಿನಲ್ಲಿ ಪಾದ್ರಿಯ ಪ್ರವಚನ ಕೇಳಿ ಎಲ್ಲರೂ ಅಳುತ್ತಿದ್ದಾರೆ, ಒಬ್ಬ ಮಾತ್ರ ಸುಮ್ಮನೆ ಕೂತಿದ್ದಾನೆ. ನೀನ್ಯಾಕೆ ಅಳುತ್ತಿಲ್ಲ ಅಂತ ಕೇಳಿದರೆ, ನಾನು ಈ ಚರ್ಚಿಗೆ ಸೇರಿದವನಲ್ಲ ಅನ್ನುತ್ತಾನೆ. ಅಳುವಿನ ಬಗ್ಗೆ ಆ ಮನುಷ್ಯ ಹೇಳಿದ್ದು ನಗುವಿಗೆ ಇನ್ನೂ ಹೆಚ್ಚು ನಿಜ ಅನ್ನುತ್ತಾನೆ ಬರ್ಗ್ಸನ್. ನಗು ಯಾವಾಗಲೂ ಒಂದು ಗುಂಪಿನ ನಗು. ಅದರಲ್ಲಿ ಒಳಗಿನವರ ನಡುವೆ ಒಂದು ಗುಟ್ಟಿನ ಒಪ್ಪಂದ ಇರುತ್ತದೆ.

ನನಗೆ ಇದು ಈ ಸಿನಿಮಾಗೆಂದೇ ಬರೆದಂತೆ ಕಾಣುತ್ತದೆ. ಸಿನಿಮಾ ನೋಡಿ ನಗು ಬಾರದವರು ಹೇಳುವುದನ್ನು ಕಿವಿಗೊಟ್ಟು ಕೇಳಿ. ಬೋರಾಯಿತು ಅನ್ನುವವರು ಕಡಿಮೆ. ಇದಕ್ಕೆ ಜನ ಹೇಗೆ ನಗುತ್ತಾರೋ ಅನ್ನುವವರು ಜಾಸ್ತಿ. ಅವರ ಸಿಟ್ಟು ಪರದೆಗಿಂತ ಪಕ್ಕದ ಸೀಟಿನ ಮೇಲೆ. ದುಃಖದ ಸಿನಿಮಾ ನೋಡಿ ಅಳು ಬರದಿದ್ದರೆ ನಾವು ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಸುತ್ತ ಎಲ್ಲರೂ ನಗುವಾಗ ನಮಗೆ ನಗು ಬರದಿದ್ದರೆ ಒಂಟಿ ಅನ್ನಿಸಿಬಿಡುತ್ತದೆ. ಆ ಒಂಟಿತನ ಬೇಗ ಸಿಟ್ಟಾಗುತ್ತದೆ, ಸಿಟ್ಟು ತೀರ್ಪಾಗುತ್ತದೆ. ‘ಕೀಳು ಅಭಿರುಚಿ’ ಅನ್ನುವ ತೀರ್ಪು. ಆ ಕಡೆಯವರೂ ಏನು ಕಡಿಮೆ ಇಲ್ಲ. ನಗದವರನ್ನು ನೋಡಿ ‘ಹಾಸ್ಯಪ್ರಜ್ಞೆ ಇಲ್ಲ’ ಅಂದುಬಿಡುತ್ತಾರೆ.

ನಗುವವರನ್ನು ಮೇಲು ಕೀಳು ಅಂತ ವಿಂಗಡಿಸುವುದು ನಮ್ಮಲ್ಲಿ ಹಳೆಯ ಅಭ್ಯಾಸ. ಭರತನ ನಾಟ್ಯಶಾಸ್ತ್ರದಲ್ಲಿ ನಗುವಿಗೆ ಆರು ಬಗೆ ಇದೆ. ಹಲ್ಲು ಕಾಣದಂತೆ ಮೆಲ್ಲಗೆ ನಗುವ ಸ್ಮಿತ, ಅದರ ಮೇಲಿನ ಹಸಿತ, ಇವು ಉತ್ತಮರದು. ವಿಹಸಿತ, ಉಪಹಸಿತ ಮಧ್ಯಮರದು. ಕಣ್ಣಲ್ಲಿ ನೀರು ತುಂಬಿ, ಮೈ ಕುಲುಕಿ, ಪಕ್ಕೆ ಹಿಡಿದುಕೊಂಡು ನಗುವ ಅಪಹಸಿತ, ಅತಿಹಸಿತಗಳು ಅಧಮರದು. ಭರತ ಹೇಳುತ್ತಿದ್ದುದು ರಂಗದ ಮೇಲೆ ಯಾವ ಪಾತ್ರ ಹೇಗೆ ನಗಬೇಕು ಅಂತ. ನಾವು ಅದೇ ಅಳತೆಗೋಲನ್ನು ಪ್ರೇಕ್ಷಕರ ಮೇಲೆ ಇಡುತ್ತೇವೆ. ಪಕ್ಕೆ ಹಿಡಿದು ನಕ್ಕವನನ್ನು ಕಂಡರೆ, ಅವನು ಯಾವುದಕ್ಕೆ ನಕ್ಕ ಅಂತ ಕೇಳುವ ಮುಂಚೆಯೇ ಅವನ ದರ್ಜೆ ಗೊತ್ತುಮಾಡಿಬಿಡುತ್ತೇವೆ. ಇದು ನನಗೆ ಒಪ್ಪಿಗೆ ಇಲ್ಲ. ಮೈಯ ಬಗ್ಗೆ, ಮೈಯ ಸದ್ದು ವಾಸನೆಗಳ ಬಗ್ಗೆ ಬರುವ ಜೋಕಿಗೆ ನಗುವುದರಲ್ಲಿ ಕೀಳು ಅನ್ನುವಂಥದ್ದು ಏನೂ ಇಲ್ಲ. ರಾಜನಿಗೂ ಹೊಟ್ಟೆ ಕೆಡುತ್ತದೆ ಅನ್ನುವ ಜೋಕು ಎಲ್ಲರನ್ನೂ ಒಂದೇ ಮಟ್ಟಕ್ಕೆ ತರುತ್ತದೆ, ಅದಕ್ಕೆ ಮುಂಚೆ ಏನೂ ಓದಿಕೊಂಡಿರಬೇಕಾಗಿಲ್ಲ. ಹಾಗೆ ನೋಡಿದರೆ ಈ ಸಿನಿಮಾದಲ್ಲಿ ಗಲೀಜು ಜೋಕೇ ಎಲ್ಲರಿಗೂ ತೆರೆದ ಬಾಗಿಲು. ಜಾಣತನದ್ದು ಅಂತ ನಾವು ಗೌರವ ಕೊಡುವ ಜೋಕು, ಸಿನಿಮಾ ತನ್ನನ್ನು ತಾನೇ ತೋರಿಸಿಕೊಳ್ಳುವ ಜೋಕು, ಅದೇ ಜನರನ್ನು ಹೊರಗಿಡುವುದು.

ಆದರೆ ಹೊಲಸು ಮಾತೆಲ್ಲ ಒಂದೇ ಥರ ಅಲ್ಲ. ಇಲ್ಲಿ ಸ್ವಲ್ಪ ನಿಂತು ಮಾತಾಡಬೇಕು.

ಜೇ ಬಾಯಲ್ಲಿ ಸಲಿಂಗಿಗಳ ಬಗ್ಗೆ ಮಾತು ನಿಲ್ಲುವುದೇ ಇಲ್ಲ. ಬೈಯಲಿಕ್ಕೂ ಅದೇ, ನಗಿಸಲಿಕ್ಕೂ ಅದೇ. ಸಿನಿಮಾ ಬಿಡುಗಡೆಯ ಹೊತ್ತಿಗೆ ಅಮೆರಿಕದಲ್ಲಿ ಸಲಿಂಗಿಗಳ ಪರ ಕೆಲಸ ಮಾಡುವ ‘ಗ್ಲಾಡ್’ ಸಂಸ್ಥೆ ಇದನ್ನು ವಿರೋಧಿಸಿತು. ಸ್ಮಿತ್ ತನ್ನ ಪರವಾಗಿ ಹೇಳಿದ್ದರ ಸಾರ ಇದು. ಜೇ ಒಬ್ಬ ದಡ್ಡ, ಅವನ ಬಾಯಲ್ಲಿ ಬರುವುದು ದಡ್ಡನ ಮಾತು, ನಗು ಇರುವುದು ಅವನ ಮೇಲೆ. ಕೊನೆಗೆ ಮ್ಯಾಥ್ಯೂ ಶೆಪರ್ಡ್ ಫೌಂಡೇಷನ್‌ಗೆ 10,000 ಡಾಲರ್ ಕೊಡುವುದೂ ಆಯಿತು. ಮ್ಯಾಥ್ಯೂ ಶೆಪರ್ಡ್ ಯಾರು ಅಂತ ನೆನಪಿಸಿಕೊಂಡರೆ ಈ ವಿಷಯ ಎಷ್ಟು ಭಾರದ್ದು ಅಂತ ಗೊತ್ತಾಗುತ್ತದೆ. ವಯೋಮಿಂಗ್‌ನ ವಿದ್ಯಾರ್ಥಿ, ಸಲಿಂಗಿ. 1998ರ ಅಕ್ಟೋಬರ್‌ನಲ್ಲಿ ಅವನನ್ನು ಹೊಡೆದು, ಬೇಲಿಗೆ ಕಟ್ಟಿಹಾಕಿ ಬಿಟ್ಟುಹೋಗಿದ್ದರು. ಅವನು ಉಳಿಯಲಿಲ್ಲ. ಸಿನಿಮಾ ಬಂದಿದ್ದು ಅದಾಗಿ ಮೂರು ವರ್ಷ ತುಂಬುವ ಮೊದಲು.

ನಾವು ಕೆಲವರು ಈ ಸಿನಿಮಾ ಒಟ್ಟಿಗೆ ಕೂತು ನೋಡಿದ್ದೆವು. ಜೊತೆಗಿದ್ದ ಗೆಳತಿಯೊಬ್ಬಳು ಮೊದಲ ಅರ್ಧ ಗಂಟೆ ಚೆನ್ನಾಗಿ ನಗುತ್ತಿದ್ದಳು. ಆಮೇಲೆ ನಗು ನಿಂತಿತು. ಕಾಲು ಮಡಚಿಕೊಂಡು ದಿಂಬು ತಬ್ಬಿ ಕೂತಳು, ಪರದೆ ಬಿಟ್ಟು ನಮ್ಮ ಮುಖಗಳನ್ನು ನೋಡಲು ಶುರು ಮಾಡಿದಳು. ಮುಗಿದ ಮೇಲೆ ಒಬ್ಬ, ‘ಅವನು ಪೆದ್ದ ಕಣೇ, ಅದನ್ನೇ ತಾನೇ ಸಿನಿಮಾ ತೋರಿಸ್ತಾ ಇರೋದು’ ಅಂದ. ಅವಳು ಹೇಳಿದ್ದು ಇಷ್ಟು: ‘ಅವನು ಪೆದ್ದ ಅಂತ ನನಗೂ ಗೊತ್ತು. ನೀವು ಪೆದ್ದನನ್ನು ನೋಡಿ ನಗ್ತಾ ಇದ್ರೋ, ಅವನ ಮಾತಿಗೆ ನಗ್ತಾ ಇದ್ರೋ ಅಂತ ಮಾತ್ರ ನನಗೆ ಗೊತ್ತಾಗ್ಲಿಲ್ಲ.’

ಈ ಸಿನಿಮಾದ ಬಗ್ಗೆ ನಾನು ಓದಿದ, ಕೇಳಿದ ಮಾತುಗಳಲ್ಲಿ ಇದಕ್ಕಿಂತ ಸರಿಯಾದದ್ದು ಸಿಕ್ಕಿಲ್ಲ. ಬರೆದವನ ಮನಸ್ಸಿನಲ್ಲಿ ಏನಿತ್ತು ಅನ್ನುವುದು ಒಂದು. ಹಾಲ್ ತುಂಬಾ ಎದ್ದ ನಗುವಿನಲ್ಲಿ ಏನಿತ್ತು ಅನ್ನುವುದು ಇನ್ನೊಂದು. ನಗುವಿಗೆ ಒಂದೇ ಸದ್ದು. ದಡ್ಡನನ್ನು ನೋಡಿ ನಕ್ಕ ಸದ್ದೂ ಅದೇ, ದಡ್ಡ ಯಾರನ್ನು ಆಡಿಕೊಂಡನೋ ಅವರನ್ನು ನೋಡಿ ನಕ್ಕ ಸದ್ದೂ ಅದೇ. ಆಡಿಸಿಕೊಂಡವರು ಹಾಲ್‌ನಲ್ಲೇ ಕೂತಿದ್ದರೆ ಅವರಿಗೆ ಬೇರ್ಪಡಿಸಿ ಕೇಳಲು ಆಗುವುದಿಲ್ಲ.

ಪೀಟರ್ ಮೆಕ್‌ಗ್ರಾ ಮತ್ತು ಕೇಲಬ್ ವಾರೆನ್ ಎಂಬ ಸಂಶೋಧಕರು 2010ರಲ್ಲಿ ನಗುವಿನ ಬಗ್ಗೆ ಒಂದು ವಿವರಣೆ ಕೊಟ್ಟರು. ಸರಿ ಅಲ್ಲ ಅನ್ನಿಸುವಂಥದ್ದು ಏನೋ ನಡೆಯಬೇಕು, ಅದೇ ಹೊತ್ತಿಗೆ ಇದರಿಂದ ಏನೂ ಅಪಾಯ ಇಲ್ಲ ಅಂತಲೂ ಅನ್ನಿಸಬೇಕು. ಎರಡೂ ಒಟ್ಟಿಗೆ ಬಂದರೆ ನಗು. ಮೊದಲನೆಯದು ಮಾತ್ರ ಇದ್ದರೆ ಅಸಹ್ಯವೋ ಭಯವೋ ಆಗುತ್ತದೆ. ಜೇ ಮಾತನ್ನು ಈ ಲೆಕ್ಕದಲ್ಲಿ ಇಟ್ಟು ನೋಡಿ. ರಸ್ತೆಯಲ್ಲಿ ಆ ಮಾತನ್ನು ಎಂದೂ ಕೇಳಿಸಿಕೊಳ್ಳದವನಿಗೆ ಅದರಿಂದ ಅಪಾಯ ಇಲ್ಲ. ಕೇಳಿಸಿಕೊಂಡು ಓಡಿದವನಿಗೆ ಇದೆ. ಇಬ್ಬರೂ ಕೇಳಿದ್ದು ಅದೇ ಮಾತು. ಒಬ್ಬನಿಗೆ ಹಾಸ್ಯಪ್ರಜ್ಞೆ ಇದೆ, ಇನ್ನೊಬ್ಬನಿಗೆ ಇಲ್ಲ ಅನ್ನುವುದು ತೀರಾ ಅನ್ಯಾಯದ ಮಾತು.

ಇಲ್ಲಿಯೇ ‘ತನ್ನನ್ನು ತಾನೇ ಆಡಿಕೊಳ್ಳುವ’ ಗುಣದ ಬಗ್ಗೆ ನನಗೆ ದೊಡ್ಡ ತಕರಾರು ಇರುವುದು. ಸಿನಿಮಾ ಮತ್ತೆ ಮತ್ತೆ ಕ್ಯಾಮೆರಾ ನೋಡಿ ಕಣ್ಣು ಮಿಟುಕಿಸುತ್ತದೆ. ನಾವು ಕೆಟ್ಟದಾಗಿದ್ದೇವೆ ಅಂತ ನಮಗೆ ಗೊತ್ತು, ನಿಮಗೂ ಗೊತ್ತು, ಆದ್ದರಿಂದ ಇದು ಲೆಕ್ಕಕ್ಕಿಲ್ಲ ಅನ್ನುವ ಹಾಗೆ. ತನ್ನ ಬಗ್ಗೆ, ತನ್ನ ನಿರ್ಮಾಪಕರ ಬಗ್ಗೆ, ತನ್ನ ನಟರ ಬಗ್ಗೆ ಹೀಗೆ ಹೇಳಿದಾಗ ಅದು ಧೈರ್ಯ. ಮಿರಾಮ್ಯಾಕ್ಸ್ ಎಂಬ ಸಿನಿಮಾ ಕಂಪನಿಯ ಬಳಗದ ದುಡ್ಡಲ್ಲೇ ಸಿನಿಮಾ ಮಾಡಿ ಮಿರಾಮ್ಯಾಕ್ಸ್ ಅನ್ನೇ ಗೇಲಿ ಮಾಡುವುದು ಚಂದ. ಅದೇ ಕಣ್ಣು ಮಿಟುಕನ್ನು ಬೇರೆಯವರ ಮೇಲಿನ ಏಟಿಗೆ ಗುರಾಣಿ ಮಾಡಿಕೊಂಡರೆ ಅದು ಧೈರ್ಯ ಅಲ್ಲ. ತಪ್ಪು ಗೊತ್ತಿದ್ದೂ ಮಾಡಿದವನ ತಪ್ಪು ಕಡಿಮೆ ಆಗುವುದಿಲ್ಲ.

ಇದನ್ನು ಚೆನ್ನಾಗಿ ಮಾಡಿದ ಸಿನಿಮಾ ಇಲ್ಲ ಅಂತಲ್ಲ. ಮೆಲ್ ಬ್ರೂಕ್ಸ್‌ನ ‘ಬ್ಲೇಜಿಂಗ್ ಸ್ಯಾಡಲ್ಸ್’ 1974ರದ್ದು. ಬೆಂಕಿಯ ಸುತ್ತ ಕೂತು ಕೌಬಾಯ್‌ಗಳೆಲ್ಲ ಹೂಸು ಬಿಡುವ ದೃಶ್ಯ ಅದರಲ್ಲೇ ಇರುವುದು. ಕೊನೆಯಲ್ಲಿ ಹೊಡೆದಾಟ ಸೆಟ್ಟಿನ ಗೋಡೆ ಒಡೆದುಕೊಂಡು ಪಕ್ಕದ ಸಿನಿಮಾದ ಶೂಟಿಂಗಿಗೆ ನುಗ್ಗುತ್ತದೆ. ನಾಯಕ ತನ್ನದೇ ಸಿನಿಮಾದ ಕ್ಲೈಮ್ಯಾಕ್ಸ್ ನೋಡಲು ಥಿಯೇಟರ್‌ಗೆ ಹೋಗುತ್ತಾನೆ. ಜನಾಂಗದ್ವೇಷದ ಬೈಗುಳಗಳು ಅದರಲ್ಲಿ ಒಂದರ ಮೇಲೊಂದು ಬರುತ್ತವೆ. ಆದರೆ ಬೈಗುಳ ಯಾರ ಮೇಲೆ ಬೀಳುತ್ತದೋ ಆ ಕಪ್ಪು ಶೆರಿಫ್ ಕಥೆಯ ನಡುಮಧ್ಯೆ ನಿಂತಿದ್ದಾನೆ. ಪ್ರತಿ ಸಲ ಅವನದೇ ಬುದ್ಧಿ ಗೆಲ್ಲುತ್ತದೆ. ಬರೆದವರಲ್ಲಿ ಕಪ್ಪು ಹಾಸ್ಯಗಾರ ರಿಚರ್ಡ್ ಪ್ರಯರ್ ಇದ್ದ. ಅದಕ್ಕೂ ಆಗ ಒಡಕು ಅಭಿಪ್ರಾಯ ಬಂದಿತ್ತು. ವಿಮರ್ಶಕ ರೋಜರ್ ಈಬರ್ಟ್ ನಾಲ್ಕಕ್ಕೆ ನಾಲ್ಕು ಸ್ಟಾರ್ ಕೊಟ್ಟ, ನ್ಯೂಯಾರ್ಕ್ ಟೈಮ್ಸ್‌ನ ವಿನ್ಸೆಂಟ್ ಕ್ಯಾನ್‌ಬಿಗೆ ಹಿಡಿಸಲಿಲ್ಲ. 2006ರಲ್ಲಿ ಅಮೆರಿಕದಲ್ಲಿ ಕಾಪಿಡಬೇಕಾದ ಸಿನಿಮಾಗಳ ರಾಷ್ಟ್ರೀಯ ಪಟ್ಟಿಗೆ ಅದು ಸೇರಿತು. ಸ್ಮಿತ್‌ನ ‘ಚೇಸಿಂಗ್ ಏಮಿ’ಯಲ್ಲೂ ಈ ಗುಣ ಇತ್ತು. ಅಲ್ಲಿ ಹೋಲ್ಡನ್ ಪ್ರೀತಿಸುವ ಅಲಿಸಾ ತಿರುಗಿ ನಿಂತು ಉತ್ತರ ಕೊಡುತ್ತಾಳೆ, ಹೋಲ್ಡನ್ ಬಾಯಿ ಕಟ್ಟುತ್ತದೆ. ‘ಸ್ಟ್ರೈಕ್ ಬ್ಯಾಕ್’ನಲ್ಲಿ ಹಾಗೆ ಉತ್ತರ ಕೊಡುವವರಿಗೆ ಜಾಗ ತೀರಾ ಕಡಿಮೆ.

ಹಾಗಾದರೆ ನನಗೆ ಈ ಸಿನಿಮಾ ಇಷ್ಟವೋ ಇಲ್ಲವೋ? ಇಷ್ಟ. ತಕರಾರು ಇಟ್ಟುಕೊಂಡೇ ಇಷ್ಟ. ಅದಕ್ಕೆ ಮುಖ್ಯ ಕಾರಣ ಒಂದು ದೃಶ್ಯ. ಜೇ, ಬಾಬ್ ಸ್ಟುಡಿಯೋ ಒಳಗೆ ಓಡುತ್ತಾ ಒಂದು ಸೆಟ್ಟಿಗೆ ಬರುತ್ತಾರೆ. ಅಲ್ಲಿ ‘ಗುಡ್ ವಿಲ್ ಹಂಟಿಂಗ್’ನ ಎರಡನೇ ಭಾಗ ಶೂಟಿಂಗ್ ನಡೆಯುತ್ತಿದೆ. ಅಂಥ ಸಿನಿಮಾ ನಿಜಕ್ಕೂ ಬಂದಿಲ್ಲ. ಮೊದಲ ಭಾಗದಲ್ಲಿ ನಟಿಸಿದ್ದ ಬೆನ್ ಅಫ್ಲೆಕ್, ಮ್ಯಾಟ್ ಡೇಮನ್ ತಾವಾಗಿಯೇ ಬರುತ್ತಾರೆ. ಶಾಟ್‌ಗೆ ಮುಂಚೆ ಒಬ್ಬರ ಸಿನಿಮಾಗಳನ್ನು ಒಬ್ಬರು ಎತ್ತಿ ಆಡಿ ಜಗಳವಾಡುತ್ತಾರೆ. ಮೊದಲ ಭಾಗದ ನಿರ್ದೇಶಕ ಗಸ್ ವ್ಯಾನ್ ಸ್ಯಾಂಟ್ ಕೂಡ ನಿಜವಾದ ಗಸ್ ವ್ಯಾನ್ ಸ್ಯಾಂಟ್. ಅವನು ಒಂದು ಮೂಲೆಯಲ್ಲಿ ಕೂತು ನೋಟು ಎಣಿಸುತ್ತಿದ್ದಾನೆ. ಏನಾದರೂ ಕೇಳಿದರೆ ನನಗೆ ಬಿಡುವಿಲ್ಲ ಅನ್ನುತ್ತಾನೆ. ಇದಕ್ಕೆ ನಗಲು ಕೆವಿನ್ ಸ್ಮಿತ್‌ನ ಹಳೆಯ ಒಂದು ಸಿನಿಮಾನೂ ನೋಡಿರಬೇಕಿಲ್ಲ. ದುಡ್ಡಿನ ಆಸೆಗೆ ಒಳ್ಳೆಯ ಸಿನಿಮಾಗೆ ಬಾಲ ಅಂಟಿಸುವುದನ್ನು ಕಂಡವರಾಗಿದ್ದರೆ ಸಾಕು. ಆಡಿಕೊಂಡಿದ್ದು ತಮ್ಮನ್ನೇ, ಬಾಗಿಲು ತೆರೆದಿದ್ದು ಎಲ್ಲರಿಗೂ. ಇಡೀ ಸಿನಿಮಾ ಹೀಗೇ ಇದ್ದಿದ್ದರೆ ಅನ್ನಿಸುತ್ತದೆ.

ಸ್ಮಿತ್‌ಗೆ ಇದು ಬರುತ್ತದೆ ಅನ್ನುವುದಕ್ಕೆ ಸಿನಿಮಾದ ಹೊರಗೂ ಸಾಕ್ಷಿ ಇದೆ. 1999ರಲ್ಲಿ ‘ಡಾಗ್ಮಾ’ ವಿರುದ್ಧ ಕ್ಯಾಥೊಲಿಕರು ಪ್ರತಿಭಟನೆ ಮಾಡಿದಾಗ ಅವನೇ ಹೋಗಿ ಆ ಗುಂಪಿನಲ್ಲಿ ನಿಂತ. ತನ್ನದೇ ಸಿನಿಮಾವನ್ನು ಬೈಯುವ ಫಲಕ ಹಿಡಿದಿದ್ದ. ಟಿವಿ ವರದಿಗಾರ್ತಿ ಬಂದು, ನೀವು ಕೆವಿನ್ ಸ್ಮಿತ್ ಅಲ್ವಾ ಅಂತ ಕೇಳಿದರೆ ಅಲ್ಲ ಅಂದ. ಬೈಯುವವರ ನಡುವೆ ಹೋಗಿ ನಿಂತವನು ಎರಡೇ ವರ್ಷದಲ್ಲಿ, ಬೈದವರ ಮನೆಗೆ ಹೋಗಿ ಹೊಡೆಯುವ ಕ್ಲೈಮ್ಯಾಕ್ಸ್ ಬರೆದ. ನನಗೆ ಮೊದಲನೆಯದು ಹೆಚ್ಚು ಇಷ್ಟ.

ಈಗ ಈ ಬಗೆಯ ಹಾಸ್ಯ ಅಂಚಿನಲ್ಲಿ ಉಳಿದಿಲ್ಲ. 2016ರಲ್ಲಿ ಸೂಪರ್‌ಹೀರೋ ಸಿನಿಮಾ ‘ಡೆಡ್‌ಪೂಲ್’ ಬಂತು. ಬಾಯಿ ಬಿಟ್ಟರೆ ಹೊಲಸು, ಪ್ರೇಕ್ಷಕರ ಜೊತೆಗೇ ಮಾತು. 5.8 ಕೋಟಿ ಡಾಲರ್ ಖರ್ಚು ಮಾಡಿದ್ದಕ್ಕೆ ಸುಮಾರು 78 ಕೋಟಿ ಬಂತು. 2024ರ ಅದರ ಮೂರನೇ ಸಿನಿಮಾ 130 ಕೋಟಿ ಡಾಲರ್ ದಾಟಿತು. ಸ್ಮಿತ್‌ಗೆ ಒಲಿಯದ ಜನಸಾಗರ ಇದಕ್ಕೆ ಹೇಗೆ ಒಲಿಯಿತು? ಜೋಕಿನ ಮಟ್ಟದಲ್ಲಿ ಅಂಥ ವ್ಯತ್ಯಾಸ ಏನಿಲ್ಲ. ಈ ನಾಯಕ ಬರುವ ಲೋಕದ್ದೇ ಆದ ಮಾರ್ವೆಲ್, ಎಕ್ಸ್‌ಮೆನ್ ಸಿನಿಮಾಗಳನ್ನು ಇಷ್ಟರಲ್ಲಿ ಜಗತ್ತಿನ ಕೋಟ್ಯಂತರ ಜನ ನೋಡಿಯಾಗಿತ್ತು. ಒಳಗಿನವರ ಗುಂಪೇ ಅಷ್ಟು ದೊಡ್ಡದಾಗಿತ್ತು. ಆದರೂ ಮೂರನೇ ಸಿನಿಮಾ ನೋಡಿ, ಮೊದಲ ಸಿನಿಮಾ ಮಾಡಿದ ಫಾಕ್ಸ್ ಕಂಪನಿಯನ್ನು ಡಿಸ್ನಿ ಕೊಂಡುಕೊಂಡ ಬಗ್ಗೆ ಇರುವ ಜೋಕುಗಳು ತಲೆ ಮೇಲೆ ಹಾರಿಹೋದವು ಅಂದವರು ನನಗೆ ಗೊತ್ತು. ಗುಂಪು ಎಷ್ಟೇ ದೊಡ್ಡದಾದರೂ ಹೊರಗೆ ಕೆಲವರು ಇದ್ದೇ ಇರುತ್ತಾರೆ. ಗುಂಪು ದೊಡ್ಡದಾದಷ್ಟೂ ಅವರ ಒಂಟಿತನ ಜಾಸ್ತಿ.

2019ರಲ್ಲಿ ಜೇ, ಬಾಬ್ ಮತ್ತೆ ಬಂದರು. ಹಳೆಯದೇ ಕಥೆ, ಹಳೆಯದೇ ಪ್ರಯಾಣ. ಹಳೆಯದನ್ನೇ ಮತ್ತೆ ಮಾಡುತ್ತಿದ್ದೇವೆ ಅನ್ನುವುದೇ ಜೋಕು. ಅದರ ಹಿಂದಿನ ವರ್ಷ ಸ್ಮಿತ್‌ಗೆ ಹೃದಯಾಘಾತ ಆಗಿತ್ತು. ಜೇಗೆ ತನಗೊಬ್ಬಳು ಮಗಳಿದ್ದಾಳೆ ಅಂತ ಗೊತ್ತಾಗುವ ಎಳೆ ಅದರಲ್ಲಿದೆ, ಆ ಮಗಳ ಪಾತ್ರ ಮಾಡಿದವಳು ಸ್ಮಿತ್‌ನ ಮಗಳು. ಹೋಲ್ಡನ್ ಅಲ್ಲೂ ಬರುತ್ತಾನೆ, ಮಕ್ಕಳಾದ ಮೇಲೆ ನಾವು ಕಥೆಯ ನಾಯಕರಾಗಿ ಉಳಿಯುವುದಿಲ್ಲ ಅನ್ನುವ ಅರ್ಥದ ಮಾತಾಡುತ್ತಾನೆ. ಹಳೆಯ ಅಭಿಮಾನಿಗಳಿಗೆ ಅಲ್ಲಿ ಗಂಟಲು ಕಟ್ಟುತ್ತದೆ. ಹೊಸಬರಿಗೆ ಅದು ಯಾರೋ ಒಬ್ಬ ಬಂದು ಹೇಳಿದ ಉದ್ದನೆ ಮಾತು.

ನೋಡಬೇಕು ಅನ್ನುವವರಿಗೆ ಒಂದು ಸಲಹೆ. ನೇರವಾಗಿ ‘ಸ್ಟ್ರೈಕ್ ಬ್ಯಾಕ್’ಗೆ ಹೋಗಬೇಡಿ. ಮೊದಲು ‘ಕ್ಲರ್ಕ್ಸ್’ ನೋಡಿ, ಅದರಲ್ಲಿ ಶಟರ್ ಯಾಕೆ ಮುಚ್ಚಿದೆ ಅಂತ ಗಮನಿಸಿ. ಆಮೇಲೆ ‘ಚೇಸಿಂಗ್ ಏಮಿ’. ‘ಮಾಲ್‌ರ‍್ಯಾಟ್ಸ್’ ಪುರುಸೊತ್ತಿದ್ದರೆ ಸಾಕು. ‘ಚೇಸಿಂಗ್ ಏಮಿ’ ನಿಮಗೆ ಹಿಡಿಸಿದರೆ ಇದಕ್ಕೆ ಬನ್ನಿ, ಹಿಡಿಸದಿದ್ದರೆ ಇದರ ಗೋಜಿಗೇ ಹೋಗಬೇಡಿ. ಮನೆಯವರೆಲ್ಲ ಒಟ್ಟಿಗೆ ಕೂತು ನೋಡುವ ಸಿನಿಮಾ ಖಂಡಿತ ಅಲ್ಲ. ಮಧ್ಯದಲ್ಲಿ ಎದ್ದು ಹೋಗಬೇಕು ಅನ್ನಿಸಿದರೂ ಆ ನೋಟು ಎಣಿಸುವ ದೃಶ್ಯ ಬರುವವರೆಗೆ ಕೂತಿರಿ.